ವ್ಯವಹಾರವೆಂಬ ಭಾಷೆ: ಕನ್ನಡ ನಾಡಿನಲ್ಲಿ ಗಣಿತಶಾಸ್ತ್ರವನ್ನು ಜನಕ್ಕೆ ತಿಳಿಸಿದ ಬಗೆ

ಕನ್ನಡ ಸಾಹಿತ್ಯಕ್ಕೆ ಜೈನರ ಕೊಡುಗೆಯ ಮಾತು ಬಂದೊಡನೆ ಪಂಪ, ಪೊನ್ನ, ರನ್ನ, ನಾಗಚಂದ್ರ, ಜನ್ನರ ಹೆಸರುಗಳು ನೆನಪಿಗೆ ಬರುತ್ತವೆ. ಪುರಾಣ, ಚಂಪೂಕಾವ್ಯ, ಬಸದಿಯ ಶಾಸನ ಇವುಗಳ ಮೇಲೆ ವಿಪುಲವಾದ ಅಧ್ಯಯನಗಳು ನಡೆದಿವೆ. ಆದರೆ ಅದೇ ಪರಂಪರೆಯ ಶಾಸ್ತ್ರಗ್ರಂಥಗಳು ಸಾಹಿತ್ಯ ಚರಿತ್ರೆಯ ಕೊನೆಯ ಅಧ್ಯಾಯಗಳಲ್ಲಿ ಪಟ್ಟಿಯ ರೂಪದಲ್ಲಿ ಉಳಿದಿವೆ. ಗಣಿತ, ವೈದ್ಯ, ಜ್ಯೋತಿಷ, ಪಶುಚಿಕಿತ್ಸೆ, ವಿಷಚಿಕಿತ್ಸೆಗಳನ್ನು ಕುರಿತ ಈ ಕೃತಿಗಳನ್ನು 'ಶಾಸ್ತ್ರಸಾಹಿತ್ಯ' ಎಂಬ ಒಂದೇ ಮಾತಿನಲ್ಲಿ ಕರೆದು ಮುಂದೆ ಸಾಗುವುದು ವಾಡಿಕೆಯಾಗಿದೆ. ಇವು ಕಾವ್ಯವಲ್ಲವಾದ್ದರಿಂದ ಸಾಹಿತ್ಯದ ವಿದ್ಯಾರ್ಥಿ ಇವನ್ನು ಓದುವುದಿಲ್ಲ. ಪದ್ಯದಲ್ಲಿರುವುದರಿಂದ ವಿಜ್ಞಾನದ ವಿದ್ಯಾರ್ಥಿಯೂ ಓದುವುದಿಲ್ಲ.

ವಿಜ್ಞಾನವನ್ನು ಸಾಮಾನ್ಯ ಜನರಿಗೆ ಆಸಕ್ತಿ ಹುಟ್ಟುವಂತೆ, ಓದಿಸಿಕೊಂಡು ಹೋಗುವಂತೆ ಹೇಳುವುದು ಹೇಗೆಂಬ ಪ್ರಶ್ನೆಯನ್ನು ಇಂದು ಆಧುನಿಕ ಕಾಲದ ಪ್ರಶ್ನೆಯೆಂದು ಭಾವಿಸಲಾಗುತ್ತಿದೆ. ಕನ್ನಡ ನಾಡಿನಲ್ಲಿ ಈ ಪ್ರಶ್ನೆಯನ್ನು ಎದುರಿಸಿ, ತಮ್ಮದೇ ಆದ ಉತ್ತರಗಳನ್ನು ಕಂಡುಕೊಂಡವರು ಸಾವಿರ ವರ್ಷಗಳ ಹಿಂದೆಯೇ ಇದ್ದರು. ಅವರಲ್ಲಿ ಗಣಿತಜ್ಞರ ಸ್ಥಾನ ವಿಶಿಷ್ಟವಾದುದು. ಏಕೆಂದರೆ ಎಲ್ಲ ವಿದ್ಯೆಗಳಲ್ಲಿ ಗಣಿತವೇ ಓದುಗನನ್ನು ಬೇಗ ದೂರ ಸರಿಸುವಂಥದು. ಅವರು ಕಂಡುಕೊಂಡ ಉತ್ತರದ ಹೃದಯದಲ್ಲಿ 'ವ್ಯವಹಾರ' ಎಂಬ ಒಂದು ಮಾತಿದೆ. ಆ ಮಾತಿನ ಹಿನ್ನೆಲೆಯನ್ನು ತಿಳಿದರೆ ಈ ಕೃತಿಗಳ ಸ್ವರೂಪವೂ ಅವುಗಳ ಮಿತಿಯೂ ಸ್ಪಷ್ಟವಾಗುತ್ತವೆ.

ವ್ಯವಹಾರ ಎಂಬ ಮಾತಿನ ಹಿನ್ನೆಲೆ

ಜೈನದರ್ಶನದಲ್ಲಿ ವಸ್ತುವನ್ನು ನೋಡುವ ದೃಷ್ಟಿಗೆ 'ನಯ'ವೆಂದು ಹೆಸರು. ನಿಶ್ಚಯನಯವು ವಸ್ತುವಿನ ನಿಜಸ್ವರೂಪವನ್ನು ಹೇಳುತ್ತದೆ. ವ್ಯವಹಾರನಯವು ಲೋಕರೂಢಿಯ ದೃಷ್ಟಿಯಿಂದ ಹೇಳುತ್ತದೆ. ಕುಂದಕುಂದಾಚಾರ್ಯರು ತಮ್ಮ 'ಸಮಯಸಾರ'ದ ಆರಂಭದಲ್ಲಿಯೇ ಈ ಎರಡರ ಸಂಬಂಧವನ್ನು ಒಂದು ದೃಷ್ಟಾಂತದಿಂದ ವಿವರಿಸಿದ್ದಾರೆ. ಅನ್ಯಭಾಷಿಕನಿಗೆ ಅವನ ಭಾಷೆಯಲ್ಲಿ ಹೇಳದೆ ಏನನ್ನೂ ತಿಳಿಸಲಾಗದು. ಹಾಗೆಯೇ ವ್ಯವಹಾರವನ್ನು ಬಿಟ್ಟು ಪರಮಾರ್ಥವನ್ನು ಉಪದೇಶಿಸಲಾಗದು ಎಂಬುದು ಅದರ ತಾತ್ಪರ್ಯ. ಇಲ್ಲಿ ಎರಡು ಅಂಶಗಳು ಗಮನಾರ್ಹ. ವ್ಯವಹಾರವು ಸುಳ್ಳಲ್ಲ, ಅದು ಕೇಳುವವನ ಭಾಷೆ. ಅದೇ ಕೊನೆಯ ಸತ್ಯವೂ ಅಲ್ಲ, ಅದರ ಮೂಲಕ ಹೋಗಿ ತಲುಪಬೇಕಾದದ್ದು ಬೇರೆಯೇ ಇದೆ.

ಗಣಿತಗ್ರಂಥಗಳಲ್ಲಿ ಬರುವ 'ವ್ಯವಹಾರ' ಪಾರಿಭಾಷಿಕವಾಗಿ ಇದಕ್ಕಿಂತ ಭಿನ್ನ. ಅಲ್ಲಿ ಅದಕ್ಕೆ ಪ್ರಕರಣ, ಲೆಕ್ಕದ ಬಗೆ, ಲೋಕದ ಕೊಡುಕೊಳೆ ಎಂಬ ಅರ್ಥಗಳಿವೆ. ದಾರ್ಶನಿಕರ ಮಾತನ್ನು ಗಣಿತಜ್ಞರು ನೇರವಾಗಿ ಎತ್ತಿಕೊಂಡರೆಂದು ಹೇಳಲು ಆಧಾರ ಬೇಕಾಗುತ್ತದೆ. ಆದರೆ ಕೇಳುವವನ ಲೋಕದಿಂದ ಹೊರಟು ಸೂಕ್ಷ್ಮದ ಕಡೆಗೆ ಹೋಗುವ ಕ್ರಮ ಎರಡು ಕಡೆಯೂ ಒಂದೇ. ಅದೇ ಮನೋಧರ್ಮದಲ್ಲಿ ಬೆಳೆದ ಆಚಾರ್ಯರು ಗಣಿತವನ್ನು ಬರೆದಾಗ ಆ ಕ್ರಮವು ಸಹಜವಾಗಿ ಒದಗಿಬಂದಿತು.

ಜೈನರಿಗೆ ಗಣಿತವು ಹೊರಗಿನ ವಿದ್ಯೆಯಾಗಿರಲಿಲ್ಲ. ಲೋಕದ ಆಕಾರ, ದ್ವೀಪಸಮುದ್ರಗಳ ವಿಸ್ತಾರ, ಕಾಲದ ಪ್ರಮಾಣ, ಕರ್ಮಪರಮಾಣುಗಳ ಎಣಿಕೆ ಇವೆಲ್ಲ ಕರಣಾನುಯೋಗದ ವಿಷಯಗಳು. ಕ್ರಿ.ಶ. 816ರಲ್ಲಿ ವೀರಸೇನಾಚಾರ್ಯರು ಮುಗಿಸಿದ 'ಧವಲಾ' ಟೀಕೆಯಲ್ಲಿ ಒಂದು ಸಂಖ್ಯೆಯನ್ನು ಎಷ್ಟು ಸಲ ಅರ್ಧಿಸಬಹುದೆಂಬ 'ಅರ್ಧಚ್ಛೇದ'ದ ವಿಚಾರ ಬರುತ್ತದೆ. ಆಧುನಿಕ ಗಣಿತದ ಲಾಗರಿದಮ್‌ಗೆ ಇದು ತೀರ ಹತ್ತಿರವಾದ ಕಲ್ಪನೆ. ಆದರೆ ಧವಲಾ ಸಿದ್ಧಾಂತವನ್ನು ಬಲ್ಲ ಮುನಿಗಳಿಗಾಗಿ ರಚಿತವಾದುದು. ಅಲ್ಲಿನ ಗಣಿತ ಆಗಮದ ಗರ್ಭಗೃಹದಲ್ಲಿತ್ತು. ಅದನ್ನು ಅಂಗಳಕ್ಕೆ ತಂದವರು ಒಂದೇ ತಲೆಮಾರಿನ ಅನಂತರ ಬಂದ ಮಹಾವೀರಾಚಾರ್ಯರು.

ಗಣಿತಸಾರಸಂಗ್ರಹ

ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷ ನೃಪತುಂಗನ ಆಳ್ವಿಕೆಯಲ್ಲಿ, ಸುಮಾರು ಕ್ರಿ.ಶ. 850ರಲ್ಲಿ, ಮಹಾವೀರಾಚಾರ್ಯರು 'ಗಣಿತಸಾರಸಂಗ್ರಹ'ವನ್ನು ಸಂಸ್ಕೃತದಲ್ಲಿ ರಚಿಸಿದರು. ಕನ್ನಡದ ಮೊದಲ ಉಪಲಬ್ಧ ಗ್ರಂಥವಾದ 'ಕವಿರಾಜಮಾರ್ಗ' ಹುಟ್ಟಿದ್ದೂ ಇದೇ ಅರಸನ ಆಸ್ಥಾನದಲ್ಲಿ, ಇದೇ ಕಾಲದಲ್ಲಿ. ಒಂದು ಗ್ರಂಥವು ಕಾವ್ಯದ ಲಕ್ಷಣವನ್ನು ನಾಡವರಿಗೆ ಕನ್ನಡದಲ್ಲಿ ತಿಳಿಸಿತು. ಇನ್ನೊಂದು ಗಣಿತವನ್ನು ಖಗೋಳಶಾಸ್ತ್ರದ ಅಂಗವಾಗಿರಿಸದೆ ಸ್ವತಂತ್ರ ವಿದ್ಯೆಯಾಗಿ ನಿರೂಪಿಸಿತು. ಅದಕ್ಕೆ ಹಿಂದಿನ ಆರ್ಯಭಟ, ಬ್ರಹ್ಮಗುಪ್ತರ ಗ್ರಂಥಗಳಲ್ಲಿ ಗಣಿತವು ಜ್ಯೋತಿಸ್ಸಿದ್ಧಾಂತದ ಒಂದೆರಡು ಅಧ್ಯಾಯಗಳಾಗಿ ಬರುತ್ತದೆ. ಮಹಾವೀರಾಚಾರ್ಯರು ಇಡೀ ಗ್ರಂಥವನ್ನೇ ಗಣಿತಕ್ಕೆ ಮೀಸಲಿಟ್ಟರು. ಸಂಜ್ಞೆ, ಪರಿಕರ್ಮ, ಕಲಾಸವರ್ಣ, ಪ್ರಕೀರ್ಣಕ, ತ್ರೈರಾಶಿಕ, ಮಿಶ್ರಕ, ಕ್ಷೇತ್ರಗಣಿತ, ಖಾತ, ಛಾಯಾ ಎಂಬ 9 ಅಧಿಕಾರಗಳಲ್ಲಿ 1100ಕ್ಕೂ ಹೆಚ್ಚು ಶ್ಲೋಕಗಳಿವೆ.

ಗ್ರಂಥದ ಆರಂಭದಲ್ಲಿಯೇ ಆಚಾರ್ಯರು ಓದುಗನನ್ನು ಒಳಗೆ ಕರೆದುಕೊಳ್ಳುವ ಕೆಲಸಕ್ಕೆ ತೊಡಗುತ್ತಾರೆ. ಸಂಖ್ಯಾಜ್ಞಾನವೆಂಬ ದೀಪದಿಂದ ಜಗತ್ತನ್ನು ಬೆಳಗಿದ ಜಿನೇಂದ್ರನಿಗೆ ವಂದಿಸಿ, ಗಣಿತವು ಎಲ್ಲೆಲ್ಲಿ ಬೇಕಾಗುತ್ತದೆಂದು ಹೇಳುತ್ತಾರೆ. ಲೌಕಿಕ, ವೈದಿಕ, ಸಾಮಯಿಕ ವ್ಯಾಪಾರಗಳಲ್ಲಿ, ಅರ್ಥಶಾಸ್ತ್ರದಲ್ಲಿ, ಸಂಗೀತ ನಾಟಕಗಳಲ್ಲಿ, ಅಡುಗೆಯಲ್ಲಿ, ವೈದ್ಯದಲ್ಲಿ, ವಾಸ್ತುವಿದ್ಯೆಯಲ್ಲಿ, ಛಂದಸ್ಸು ಅಲಂಕಾರಗಳಲ್ಲಿ, ಸೂರ್ಯಚಂದ್ರರ ಗತಿಯಲ್ಲಿ, ಗ್ರಹಣದಲ್ಲಿ ಎಲ್ಲೆಡೆಯೂ ಗಣಿತವಿದೆ. ಚರಾಚರಗಳಿಂದ ಕೂಡಿದ ಮೂರು ಲೋಕಗಳಲ್ಲಿ ಗಣಿತವಿಲ್ಲದೆ ಯಾವ ವಸ್ತುವೂ ಇಲ್ಲವೆಂದು ಆ ಮಾತು ಮುಗಿಯುತ್ತದೆ. ಈ ಪಟ್ಟಿಯಲ್ಲಿ ಅಡುಗೆಯೂ ಗ್ರಹಣವೂ ಒಟ್ಟೊಟ್ಟಿಗೆ ಇರುವುದು ಉದ್ದೇಶಪೂರ್ವಕ. ಓದುಗನು ಯಾವ ವೃತ್ತಿಯವನಾದರೂ ಅವನ ಮನೆಬಾಗಿಲಿಗೆ ಒಂದು ದಾರಿ ಇದರಲ್ಲಿ ಇದ್ದೇ ಇರುತ್ತದೆ.

ತಮ್ಮ ಗ್ರಂಥವನ್ನು ಅವರು ಸಮುದ್ರಕ್ಕೆ ಹೋಲಿಸುವ ರೂಪಕವೂ ಅಷ್ಟೇ ಸ್ವಾರಸ್ಯಕರ. ಸಂಜ್ಞೆಗಳು ಅದರ ನೀರು, ಎಂಟು ಪರಿಕರ್ಮಗಳು ದಡ, ಭಿನ್ನರಾಶಿಗಳು ಹೊರಳಾಡುವ ಮೀನುಗಳು, ಪ್ರಕೀರ್ಣಕವೆಂಬ ಅಧಿಕಾರವು ದೊಡ್ಡ ಮೊಸಳೆ, ತ್ರೈರಾಶಿಕವು ಅಲೆ, ಕ್ಷೇತ್ರಗಣಿತವು ವಿಸ್ತಾರವಾದ ತಳ. ಪ್ರಕೀರ್ಣಕದ ಸಮಸ್ಯೆಗಳು ಇಡೀ ಗ್ರಂಥದಲ್ಲಿ ಕಠಿನವಾದವುಗಳ ಸಾಲಿಗೆ ಸೇರಿದವು. ಅಲ್ಲಿ ಮೊಸಳೆಯಿದೆಯೆಂದು ಮೊದಲೇ ತಿಳಿಸುವ ಈ ರೂಪಕವು ಅಲಂಕಾರವಾಗಿರುವಂತೆಯೇ ವಿಷಯಸೂಚಿಯೂ ಆಗಿದೆ. ಶಾಸ್ತ್ರದಲ್ಲಿ ಅಲಂಕಾರಕ್ಕೆ ಇರಬೇಕಾದ ಸ್ಥಾನ ಯಾವುದೆಂಬುದಕ್ಕೆ ಇದು ಒಳ್ಳೆಯ ನಿದರ್ಶನ.

ಮುತ್ತಿನ ಹಾರ, ಆರು ರಸ, ಸಂಖ್ಯೆಯ ಕಂಠಿಕೆ

ಗಣಿತಸಾರಸಂಗ್ರಹದ ಉದಾಹರಣೆಗಳಲ್ಲಿ ಮುತ್ತಿನ ಹಾರದ ಲೆಕ್ಕವು ಪ್ರಸಿದ್ಧವಾಗಿದೆ. ವಸಂತಮಾಸದ ಒಂದು ರಾತ್ರಿ ಪತಿಪತ್ನಿಯರ ಪ್ರಣಯಕಲಹದಲ್ಲಿ ಹೆಂಡತಿಯ ಮುತ್ತಿನ ಹಾರ ಹರಿಯುತ್ತದೆ. ಮೂರರಲ್ಲೊಂದು ಪಾಲು ಮುತ್ತುಗಳು ದಾಸಿಯ ಬಳಿ ಬೀಳುತ್ತವೆ. ಆರರಲ್ಲೊಂದು ಪಾಲು ಹಾಸಿಗೆಯ ಮೇಲೆ. ಉಳಿದುದರಲ್ಲಿ ಅರ್ಧ, ಮತ್ತೆ ಉಳಿದುದರಲ್ಲಿ ಅರ್ಧ, ಹೀಗೆ ಆರು ಸಲ ಅರ್ಧರ್ಧವಾಗಿ ಅಲ್ಲಲ್ಲಿ ಚೆದರುತ್ತವೆ. ಕೊನೆಗೆ ದಾರದಲ್ಲಿ 1161 ಮುತ್ತುಗಳು ಉಳಿಯುತ್ತವೆ. ಹಾರದಲ್ಲಿದ್ದ ಮುತ್ತುಗಳೆಷ್ಟು?

ಕಥೆಯ ಸರಸವನ್ನು ತೆಗೆದಿಟ್ಟರೆ ಉಳಿಯುವುದು ಶೇಷಜಾತಿಯ ಒಂದು ಕ್ಲಿಷ್ಟ ಸಮಸ್ಯೆ. ಮೂರನೆಯ ಒಂದು ಪಾಲು ಮತ್ತು ಆರನೆಯ ಒಂದು ಪಾಲು ಸೇರಿದರೆ ಅರ್ಧವಾಗುತ್ತದೆ. ಉಳಿದ ಅರ್ಧವನ್ನು ಆರು ಸಲ ಅರ್ಧಿಸಿದರೆ ಮೂಲದ 128ನೆಯ ಒಂದು ಪಾಲು ಮಿಗುತ್ತದೆ. ಆದ್ದರಿಂದ 1161ನ್ನು 128ರಿಂದ ಗುಣಿಸಿದರೆ 1,48,608 ಮುತ್ತುಗಳು. ಇಷ್ಟು ಮುತ್ತುಗಳ ಹಾರವನ್ನು ಯಾವ ಸುಂದರಿಯೂ ಧರಿಸಲಾರಳು. ಅದು ಆಚಾರ್ಯರಿಗೂ ತಿಳಿದ ವಿಷಯವೇ. ಆದರೆ ಬಿಡಿಸುವ ವಿದ್ಯಾರ್ಥಿಗೆ ಆ ದೊಡ್ಡ ಸಂಖ್ಯೆ ಕೊನೆಗೆ ಎದುರಾದಾಗ ಆಗುವ ಬೆರಗು ಪಾಠದ ಭಾಗವೇ ಆಗಿದೆ. ಆರು ಸಲ ಅರ್ಧಿಸುವುದೆಂದರೆ ಎಷ್ಟು ಬೇಗ ಕರಗಿಹೋಗುವುದು ಎಂಬ ತಿಳಿವಳಿಕೆ ಸೂತ್ರದಿಂದ ಬರುವುದಕ್ಕಿಂತ ಈ ಬೆರಗಿನಿಂದ ಗಟ್ಟಿಯಾಗಿ ಬರುತ್ತದೆ. ಕಥೆಯು ಲೆಕ್ಕದ ಯಾವ ಹೆಜ್ಜೆಯನ್ನೂ ಬಿಟ್ಟಿಲ್ಲ, ಸಡಿಲಗೊಳಿಸಿಯೂ ಇಲ್ಲ.

ಇನ್ನೊಂದು ಉದಾಹರಣೆ ಅಡುಗೆಮನೆಯಿಂದ ಬಂದಿದೆ. ಒಗರು, ಕಹಿ, ಹುಳಿ, ಖಾರ, ಉಪ್ಪು, ಸಿಹಿ ಎಂಬ ಆರು ರಸಗಳನ್ನು ಬೇರೆಬೇರೆಯಾಗಿಯೂ ಬೆರಸಿಯೂ ಎಷ್ಟು ರುಚಿಗಳನ್ನು ಪಡೆಯಬಹುದು? ಒಂದೊಂದೇ ರಸವಾದರೆ 6, ಎರಡೆರಡು ಬೆರೆತರೆ 15, ಮೂರುಮೂರಾದರೆ 20, ನಾಲ್ಕಾದರೆ 15, ಐದಾದರೆ 6, ಆರೂ ಸೇರಿದರೆ 1, ಒಟ್ಟು 63. ಇಲ್ಲಿ ಕಲಿಸುತ್ತಿರುವುದು ವಿಕಲ್ಪಗಣಿತ. ಎಷ್ಟು ವಸ್ತುಗಳಿಂದ ಎಷ್ಟನ್ನು ಆರಿಸಿದರೂ ಸಲ್ಲುವ ಸಾಮಾನ್ಯ ಸೂತ್ರವನ್ನು ಆಚಾರ್ಯರು ಇದೇ ಸಂದರ್ಭದಲ್ಲಿ ಕೊಡುತ್ತಾರೆ. ಹೂಗಳ ಹಾಗೂ ರತ್ನಗಳ ಹಾರಗಳ ಬಗೆಗಳನ್ನು ಎಣಿಸುವ ಲೆಕ್ಕಗಳು ಅದರ ಬೆನ್ನಿಗೇ ಬರುತ್ತವೆ. ಅಡುಗೆಯವನು, ಹೂವಾಡಿಗ, ರತ್ನಪಡಿ ವ್ಯಾಪಾರಿ ಮೂವರೂ ತಮಗೆ ಗೊತ್ತಿರುವ ವಸ್ತುವಿನಲ್ಲಿ ಒಂದೇ ನಿಯಮವನ್ನು ಕಾಣುವಂತೆ ಮಾಡಿರುವುದು ಇಲ್ಲಿನ ಜಾಣ್ಮೆ.

ಗುಣಾಕಾರದ ಅಧ್ಯಾಸಕ್ಕೆ ಕೊಟ್ಟ ಸಂಖ್ಯೆಗಳಲ್ಲಿಯೂ ಇಂಥ ಕುಶಲತೆಯಿದೆ. 139ನ್ನು 109ರಿಂದ ಗುಣಿಸಿದರೆ 15151. 12345679ನ್ನು 9ರಿಂದ ಗುಣಿಸಿದರೆ 111111111. 152207ನ್ನು 73ರಿಂದ ಗುಣಿಸಿದರೆ 11111111. 14287143ನ್ನು 7ರಿಂದ ಗುಣಿಸಿದರೆ 100010001. ಎಡದಿಂದ ಓದಿದರೂ ಬಲದಿಂದ ಓದಿದರೂ ಒಂದೇ ಆಗಿರುವ ಇಂಥ ಗುಣಲಬ್ಧಗಳನ್ನು ಆಚಾರ್ಯರು ಕೊರಳ ಹಾರಕ್ಕೆ ಹೋಲಿಸಿ ಕಂಠಿಕೆ, ಕಂಠಾಭರಣ ಎಂದು ಕರೆದಿದ್ದಾರೆ. ಗುಣಾಕಾರದ ಅಭ್ಯಾಸಕ್ಕೆ ಯಾವ ಸಂಖ್ಯೆಯನ್ನಾದರೂ ಕೊಡಬಹುದಾಗಿತ್ತು. ಆದರೆ ಉತ್ತರವು ಹಾರದಂತೆ ಪೋಣಿಸಿ ಬಂದಾಗ ವಿದ್ಯಾರ್ಥಿಗೆ ತನ್ನ ಲೆಕ್ಕ ಸರಿಯಾಗಿದೆಯೆಂಬ ಖಾತರಿಯೂ ದೊರೆಯುತ್ತದೆ, ಸಂಖ್ಯೆಗಳಲ್ಲಿ ಒಂದು ವಿನ್ಯಾಸವಿದೆಯೆಂಬ ಅರಿವೂ ಮೂಡುತ್ತದೆ. ಹಲಗೆಯ ಮೇಲೆ ಬರೆದು ಅಳಿಸುತ್ತಿದ್ದ ಕಾಲದಲ್ಲಿ ತನ್ನ ತಪ್ಪನ್ನು ತಾನೇ ಕಂಡುಕೊಳ್ಳುವ ಸೌಲಭ್ಯ ಸಣ್ಣದಲ್ಲ.

ವ್ಯಾವಹಾರಿಕ ಮತ್ತು ಸೂಕ್ಷ್ಮ

ಸಾಮಾನ್ಯರಿಗೆ ವಿಜ್ಞಾನವನ್ನು ಹೇಳುವಾಗ ಎಲ್ಲ ಕಾಲದಲ್ಲಿಯೂ ಎದುರಾಗುವ ಧರ್ಮಸಂಕಟವೊಂದಿದೆ. ಸರಳಗೊಳಿಸಿದರೆ ನಿಖರತೆ ಹೋಗುತ್ತದೆ. ನಿಖರವಾಗಿ ಹೇಳಿದರೆ ಕೇಳುಗನೇ ಹೋಗುತ್ತಾನೆ. ಮಹಾವೀರಾಚಾರ್ಯರು ಕ್ಷೇತ್ರಗಣಿತದಲ್ಲಿ ಇದಕ್ಕೆ ಕಂಡುಕೊಂಡ ಪರಿಹಾರವು ಗ್ರಂಥದ ಅತ್ಯಂತ ಮಹತ್ವದ ಅಂಶ. ಅವರು ಕ್ಷೇತ್ರಗಳ ಫಲವನ್ನು ಎರಡು ಬಗೆಯಲ್ಲಿ ಹೇಳುತ್ತಾರೆ: ಒಂದು ವ್ಯಾವಹಾರಿಕ, ಇನ್ನೊಂದು ಸೂಕ್ಷ್ಮ.

ವೃತ್ತವನ್ನೇ ತೆಗೆದುಕೊಳ್ಳಬಹುದು. ವ್ಯಾಸವನ್ನು 3ರಿಂದ ಗುಣಿಸಿದರೆ ವ್ಯಾವಹಾರಿಕ ಪರಿಧಿ. 10ರ ವರ್ಗಮೂಲದಿಂದ ಗುಣಿಸಿದರೆ ಸೂಕ್ಷ್ಮ ಪರಿಧಿ. 10 ಮೊಳ ವ್ಯಾಸದ ಒಂದು ಬಾವಿಯಿದ್ದರೆ ಅದರ ಸುತ್ತಳತೆ ವ್ಯವಹಾರಕ್ಕೆ 30 ಮೊಳ, ಸೂಕ್ಷ್ಮವಾಗಿ ಸುಮಾರು 31.62 ಮೊಳ. ಇಂದಿನ ಲೆಕ್ಕದಂತೆ ಅದು ಸುಮಾರು 31.42 ಮೊಳ. ಅಂದರೆ ವ್ಯಾವಹಾರಿಕ ಉತ್ತರವು ಒಂದೂವರೆ ಮೊಳದಷ್ಟು ಕಡಮೆ. ಸೂಕ್ಷ್ಮ ಉತ್ತರವು ಮೊಳದ ಐದನೆಯ ಒಂದು ಭಾಗದಷ್ಟು ಮಾತ್ರ ಹೆಚ್ಚು. ಬಾವಿಕಟ್ಟೆಗೆ ಎಷ್ಟು ಕಲ್ಲು ಬೇಕೆಂದು ಅಂದಾಜು ಮಾಡುವವನಿಗೆ ಮೊದಲನೆಯದು ಒಂದು ಮಟ್ಟಿಗೆ ಸಾಕು. ಹೆಚ್ಚಿನದು ಬೇಕಾದವನಿಗೆ ಎರಡನೆಯದು ಅದರ ಪಕ್ಕದಲ್ಲಿಯೇ ಇದೆ.

ಎರಡು ಉತ್ತರಗಳಿಗೂ ಬೇರೆಬೇರೆ ಹೆಸರಿಟ್ಟಿರುವುದು ಇಲ್ಲಿನ ಮುಖ್ಯ ಸಂಗತಿ. ಸ್ಥೂಲವಾದುದನ್ನು ಸ್ಥೂಲವೆಂದೇ ಕರೆದಿದ್ದಾರೆ. ಮೂರರಿಂದ ಗುಣಿಸಿದವನಿಗೆ ತಾನು ಬಳಸುತ್ತಿರುವುದು ಕೆಲಸಕ್ಕೆ ಒದಗುವ ಅಂದಾಜು, ಇದಕ್ಕಿಂತ ಸೂಕ್ಷ್ಮವಾದುದು ಇದೆ ಎಂಬುದು ಗೊತ್ತಿರುತ್ತದೆ. ಜನಪ್ರಿಯ ಬರವಣಿಗೆಯಲ್ಲಿ ದೋಷ ಹುಟ್ಟುವುದು ಸರಳಗೊಳಿಸಿದ್ದರಿಂದಲ್ಲ, ಸರಳಗೊಳಿಸಿರುವುದನ್ನು ಮುಚ್ಚಿಟ್ಟಿದ್ದರಿಂದ. ವ್ಯವಹಾರವನ್ನು ಪರಮಾರ್ಥವೆಂದು ಭ್ರಮಿಸಬಾರದೆಂಬ ಸಮಯಸಾರದ ಎಚ್ಚರಕ್ಕೆ ಸಮನಾದ ಎಚ್ಚರವೊಂದು ಗಣಿತದ ಈ ಪುಟಗಳಲ್ಲಿದೆ.

ರಾಜಾದಿತ್ಯನ ಕನ್ನಡ

ಗಣಿತಸಾರಸಂಗ್ರಹವು ಎಷ್ಟೇ ರಮ್ಯವಾಗಿದ್ದರೂ ಸಂಸ್ಕೃತ ಬಲ್ಲವರ ಸ್ವತ್ತಾಗಿತ್ತು. 11ನೆಯ ಶತಮಾನದಲ್ಲಿ ಪಾವುಲೂರಿ ಮಲ್ಲನನು ಅದನ್ನು ತೆಲುಗಿಗೆ ಅಳವಡಿಸಿದನು. ಕನ್ನಡದಲ್ಲಿ ಗಣಿತವನ್ನು ಶಾಸ್ತ್ರವಾಗಿ ನೆಲೆಗೊಳಿಸಿದ ಕೀರ್ತಿ 12ನೆಯ ಶತಮಾನದ ಜೈನಕವಿ ರಾಜಾದಿತ್ಯನಿಗೆ ಸಲ್ಲುತ್ತದೆ. ಹೊಯ್ಸಳರ ಆಶ್ರಯದಲ್ಲಿದ್ದ ಈತನ ಊರು ಪೂವಿನಬಾಗೆ. ಈಗಿನ ಬೆಳಗಾವಿ ಜಿಲ್ಲೆಯ ರಾಯಬಾಗವೇ ಅದೆಂದು ಹೇಳಲಾಗುತ್ತದೆ. ಈತನ ಕಾಲವನ್ನು ಕೆಲವರು ವಿಷ್ಣುವರ್ಧನನ ಆಳ್ವಿಕೆಗೂ ಮತ್ತೆ ಕೆಲವರು ವೀರಬಲ್ಲಾಳನ ಆಳ್ವಿಕೆಗೂ ಹೊಂದಿಸಿದ್ದಾರೆ. 'ವ್ಯವಹಾರಗಣಿತ', 'ಕ್ಷೇತ್ರಗಣಿತ', 'ಲೀಲಾವತಿ' ಮೊದಲಾದವು ಈತನ ಕೃತಿಗಳು. 'ಗಣಿತವಿಲಾಸ', 'ಪದ್ಯವಿದ್ಯಾಧರ' ಎಂಬ ಬಿರುದುಗಳು ಈತನಿಗಿದ್ದವು. ಲೆಕ್ಕ ಮತ್ತು ಪದ್ಯ ಎರಡರಲ್ಲಿಯೂ ತನಗೆ ಸಮಾನವಾದ ಹಕ್ಕಿದೆಯೆಂಬ ಆತ್ಮವಿಶ್ವಾಸ ಆ ಎರಡು ಬಿರುದುಗಳಲ್ಲಿ ಕಾಣುತ್ತದೆ.

ವ್ಯವಹಾರಗಣಿತದ ಹೆಸರೇ ಅದರ ಓದುಗರು ಯಾರೆಂಬುದನ್ನು ಸೂಚಿಸುತ್ತದೆ. ಸೂತ್ರವನ್ನು ಪದ್ಯದಲ್ಲಿ ಹೇಳಿ, ಅದರ ಅರ್ಥವನ್ನು ಬಿಡಿಸಿ, ಉದಾಹರಣೆಯನ್ನು ಕೊಟ್ಟು ಲೆಕ್ಕವನ್ನು ಮುಗಿಸುವುದು ಇಲ್ಲಿನ ಕ್ರಮ. ಪದ್ಯವು ನೆನಪಿಗೆ, ವಿವರಣೆಯು ತಿಳಿವಿಗೆ, ಉದಾಹರಣೆಯು ಬಳಕೆಗೆ. ಓಲೆಗರಿಯ ಪ್ರತಿಯೊಂದು ಊರಿಗೆ ಒಂದು ಸಿಕ್ಕರೆ ಹೆಚ್ಚೆನ್ನುವ ಕಾಲದಲ್ಲಿ ನಿಯಮವು ಬಾಯಿಯಲ್ಲಿ ಉಳಿಯಬೇಕಾಗಿತ್ತು. ಕಂದದ ನಾಲ್ಕು ಪಾದಗಳಲ್ಲಿ ಹಿಡಿದಿಟ್ಟ ಸೂತ್ರವನ್ನು ಎಣ್ಣೆ ತೂಗುವವನೂ ನೆನಪಿಡಬಲ್ಲನು. ಇಂದಿನ ಓದುಗನಿಗೆ ಅಡ್ಡಿಯೆನಿಸುವ ಛಂದಸ್ಸು ಅಂದಿನವನಿಗೆ ಅನುಕೂಲವೇ ಆಗಿತ್ತು.

ಈ ಗಣಿತದ ಬೆನ್ನೆಲುಬು ತ್ರೈರಾಶಿಕ. ಗೊತ್ತಿರುವ ಮೂರು ರಾಶಿಗಳಿಂದ ಗೊತ್ತಿಲ್ಲದ ನಾಲ್ಕನೆಯದನ್ನು ಪಡೆಯುವ ಈ ವಿಧಾನವು ಐದು, ಏಳು, ಒಂಬತ್ತು ರಾಶಿಗಳವರೆಗೆ ಬೆಳೆಯುತ್ತದೆ. ಅಂದಿನ ಸಂತೆಯಲ್ಲಿ ಇದರ ಅಗತ್ಯ ಎಷ್ಟಿತ್ತೆಂದು ತಿಳಿಯಲು ಆ ಕಾಲದ ಶಾಸನಗಳನ್ನು ನೋಡಿದರೆ ಸಾಕು. ಗದ್ಯಾಣ, ಪಣ, ಹಾಗ, ವೀಸಗಳೆಂಬ ನಾಣ್ಯಗಳು. ಕೊಳಗ, ಬಳ್ಳ, ಮಾನ, ಸೊಲಗೆಗಳೆಂಬ ಅಳತೆಗಳು. ಹಾಗವೆಂದರೆ ಪಣದ ಕಾಲು, ವೀಸವೆಂದರೆ ಹದಿನಾರನೆಯ ಒಂದು ಪಾಲು. 8 ಕೊಳಗ ಅಕ್ಕಿಗೆ 3 ಪಣವಾದರೆ 20 ಕೊಳಗಕ್ಕೆ ಎಷ್ಟು ಎಂಬ ಸರಳ ಲೆಕ್ಕವನ್ನೇ ನೋಡಬಹುದು. 20ನ್ನು 3ರಿಂದ ಗುಣಿಸಿ 8ರಿಂದ ಭಾಗಿಸಿದರೆ ಏಳೂವರೆ ಪಣ, ಅಂದರೆ 7 ಪಣ 2 ಹಾಗ. ಕಡೆಯ ಎರಡು ಹಾಗವನ್ನು ಲೆಕ್ಕ ಹಾಕಲು ಬಾರದ ಒಕ್ಕಲಿಗನು ವರ್ತಕನ ಮಾತನ್ನೇ ನಂಬಬೇಕಾಗುತ್ತಿತ್ತು. ಬಡ್ಡಿಯ ಲೆಕ್ಕ, ಚಿನ್ನದ ಬಣ್ಣದ ಲೆಕ್ಕ, ಕೂಲಿಯ ಲೆಕ್ಕಗಳಲ್ಲಿ ಈ ಅಸಹಾಯಕತೆ ಇನ್ನೂ ಹೆಚ್ಚು. ತಿಳಿಯುವ ಭಾಷೆಯಲ್ಲಿ ಗಣಿತವನ್ನು ಬರೆಯುವುದರ ಹಿಂದೆ ಸಾಮಾಜಿಕವಾದ ಒಂದು ನ್ಯಾಯವೂ ಅಡಗಿತ್ತು. ಕದಿಯದಿರುವುದು ಶ್ರಾವಕನ ಅಣುವ್ರತಗಳಲ್ಲೊಂದು. ಹುಸಿ ತೂಕ, ಹುಸಿ ಅಳತೆಗಳನ್ನು ಜೈನಶಾಸ್ತ್ರಗಳು ಅದರ ಅತಿಚಾರಗಳಲ್ಲಿ ಎಣಿಸಿವೆ. ಸರಿಯಾದ ಲೆಕ್ಕವು ಆ ವ್ರತದ ಪಾಲನೆಗೂ ಅಗತ್ಯವಾದ ಸಾಧನವಾಗಿತ್ತು.

ಇತರ ಶಾಸ್ತ್ರಗಳು

ರಾಜಾದಿತ್ಯನು ಒಂಟಿಯಾಗಿರಲಿಲ್ಲ. ಅವನಿಗಿಂತ ಮೊದಲೇ, ಸುಮಾರು 1025ರಲ್ಲಿ, ಚಾಳುಕ್ಯ ಜಯಸಿಂಹನ ಆಶ್ರಯದಲ್ಲಿ ಇಮ್ಮಡಿ ಚಾವುಂಡರಾಯನು 'ಲೋಕೋಪಕಾರ'ವನ್ನು ರಚಿಸಿದ್ದನು. ಈತನು ಗೊಮ್ಮಟಮೂರ್ತಿಯನ್ನು ನಿಲ್ಲಿಸಿದ ಚಾವುಂಡರಾಯನಲ್ಲ. ಮಳೆಯ ಲಕ್ಷಣ, ಅಂತರ್ಜಲದ ಶೋಧ, ವೃಕ್ಷಾಯುರ್ವೇದ, ವಾಸ್ತು, ಅಡುಗೆ, ಸುಗಂಧದ್ರವ್ಯ, ವಿಷಚಿಕಿತ್ಸೆಗಳನ್ನು ಒಳಗೊಂಡ ಆ ಗ್ರಂಥವು ಕನ್ನಡದ ಮೊದಲ ವಿಶ್ವಕೋಶವೆನಿಸಿದೆ. 1049ರಲ್ಲಿ ಜೈನಕವಿ ಶ್ರೀಧರಾಚಾರ್ಯನು 'ಜಾತಕತಿಲಕ'ವನ್ನು ಬರೆದು ಜ್ಯೋತಿಷವನ್ನು ಕನ್ನಡಕ್ಕೆ ತಂದನು. ಆರನೆಯ ವಿಕ್ರಮಾದಿತ್ಯನ ತಮ್ಮನಾದ ಕೀರ್ತಿವರ್ಮನು 'ಗೋವೈದ್ಯ'ವನ್ನೂ, ಜಗದ್ದಳ ಸೋಮನಾಥನು 'ಕರ್ಣಾಟಕ ಕಲ್ಯಾಣಕಾರಕ'ವನ್ನೂ ರಚಿಸಿದರು. 14ನೆಯ ಶತಮಾನದಲ್ಲಿ ಮಂಗರಾಜನು 'ಖಗೇಂದ್ರಮಣಿದರ್ಪಣ'ದಲ್ಲಿ ವಿಷವೈದ್ಯವನ್ನು ವಿಸ್ತಾರವಾಗಿ ನಿರೂಪಿಸಿದನು. ಹಾವು ಕಚ್ಚಿದ ಮನೆಯವರು ಸಂಸ್ಕೃತ ಪಂಡಿತನನ್ನು ಹುಡುಕಿಕೊಂಡು ಹೋಗುವಷ್ಟು ಸಮಯವಿರುವುದಿಲ್ಲ. ಗೋವಿನ ರೋಗವನ್ನು ಮೊದಲು ಕಾಣುವವನು ಗೋವಳನೇ ಹೊರತು ಆಸ್ಥಾನವೈದ್ಯನಲ್ಲ. ಈ ವಿಷಯಗಳು ಕನ್ನಡಕ್ಕೆ ಬಂದುದಕ್ಕೆ ಇಂಥ ನಿತ್ಯದ ಕಾರಣಗಳಿವೆ.

'ಹೇಗೆ' ಮತ್ತು 'ಏಕೆ'

ಈ ಪರಂಪರೆಯನ್ನು ಮೆಚ್ಚುವುದರೊಂದಿಗೆ ಅದರ ಮಿತಿಯನ್ನೂ ಗುರುತಿಸುವುದು ಸಂಶೋಧಕನ ಕರ್ತವ್ಯ. ಗಣಿತಸಾರಸಂಗ್ರಹವಾಗಲಿ ವ್ಯವಹಾರಗಣಿತವಾಗಲಿ ಸೂತ್ರವನ್ನು ಕೊಡುತ್ತವೆ, ಉದಾಹರಣೆಯನ್ನು ಕೊಡುತ್ತವೆ; ಸೂತ್ರವು ಏಕೆ ಸರಿಯೆಂಬ ಉಪಪತ್ತಿಯನ್ನು ಕೊಡುವುದಿಲ್ಲ. ಅದು ಗುರುಮುಖದಿಂದ ತಿಳಿಯಬೇಕಾದ ವಿಷಯವಾಗಿತ್ತು. ಗುರುಪರಂಪರೆ ಕಡಿದ ಕಡೆಗಳಲ್ಲಿ ಸೂತ್ರ ಮಾತ್ರ ಉಳಿದು, ಅದರ ಕಾರಣ ಮರೆತುಹೋಯಿತು. ಇದರಿಂದ ತಪ್ಪು ಸೂತ್ರವೂ ಸರಿಯಾದ ಸೂತ್ರದಷ್ಟೇ ಗೌರವದಿಂದ ಕಂಠಸ್ಥವಾಗುತ್ತ ಬರುವ ಸಾಧ್ಯತೆ ಉಂಟಾಯಿತು. ಆಯತವೃತ್ತದ, ಎಂದರೆ ದೀರ್ಘವೃತ್ತದ, ಕ್ಷೇತ್ರಫಲಕ್ಕೆ ಮಹಾವೀರಾಚಾರ್ಯರು ಕೊಟ್ಟಿರುವ ನಿಯಮವು ಸರಿಯಲ್ಲ. ಪದ್ಯದಲ್ಲಿ ಹಿಡಿದಿಟ್ಟ ತಪ್ಪನ್ನು ತಿದ್ದುವುದು ಕಷ್ಟ. ವೈದ್ಯಗ್ರಂಥಗಳಲ್ಲಿ ಔಷಧದ ಜೊತೆಗೆ ಮಂತ್ರತಂತ್ರಗಳು ಸೇರಿಕೊಂಡಿರುವುದಕ್ಕೂ 'ಏಕೆ' ಎಂಬ ಪ್ರಶ್ನೆಗೆ ಅಲ್ಲಿ ಸ್ಥಳವಿಲ್ಲದಿರುವುದೇ ಒಂದು ಕಾರಣ. ಹೇಗೆ ಮಾಡಬೇಕೆಂದು ತಿಳಿದವನು ಕೆಲಸವನ್ನು ಮಾಡಬಲ್ಲನು. ಏಕೆಂದು ತಿಳಿದವನು ಮಾತ್ರ ಅದನ್ನು ಪರೀಕ್ಷಿಸಬಲ್ಲನು.

ಆಧುನಿಕ ಕಾಲದ ಕೊಂಡಿ

ಕನ್ನಡದಲ್ಲಿ ಈ 'ಏಕೆ' ಎಂಬ ಪ್ರಶ್ನೆಯನ್ನು ಸಾಮಾನ್ಯ ಓದುಗನ ಮುಂದಿಡುವ ಸಂಘಟಿತ ಪ್ರಯತ್ನ ಆರಂಭವಾದುದು 20ನೆಯ ಶತಮಾನದಲ್ಲಿ. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಭೌತವಿಜ್ಞಾನದ ಪ್ರಾಧ್ಯಾಪಕರಾಗಿದ್ದ ಬೆಳ್ಳಾವೆ ವೆಂಕಟನಾರಣಪ್ಪನವರು ಕರ್ನಾಟಕ ವಿಜ್ಞಾನ ಪ್ರಚಾರಿಣೀ ಸಮಿತಿಯ ಮೂಲಕ 1918ರಲ್ಲಿ 'ವಿಜ್ಞಾನ' ಎಂಬ ಮಾಸಪತ್ರಿಕೆಯನ್ನು ಹೊರತಂದರು. ನಂಗಪುರಂ ವೆಂಕಟೇಶ ಅಯ್ಯಂಗಾರ್ಯರು ಅವರಿಗೆ ಜೊತೆಯಾಗಿದ್ದರು. ಪತ್ರಿಕೆ ನಡೆದುದು ಎರಡು ವರ್ಷಗಳ ಕಾಲ ಮಾತ್ರ. ಆದರೆ ಕಾಲೇಜಿನ ವಿಜ್ಞಾನ ಪಾಠವೆಲ್ಲ ಇಂಗ್ಲಿಷಿನಲ್ಲಿದ್ದ ದಿನಗಳಲ್ಲಿ, ಕನ್ನಡದಲ್ಲಿ ವಿಜ್ಞಾನದ ಕಾರ್ಯಕಾರಣವನ್ನು ವಿವರಿಸಬಹುದೆಂಬುದನ್ನು ಅದು ತೋರಿಸಿಕೊಟ್ಟಿತು.

ಈ ಬೆಳ್ಳಾವೆಯವರೇ 1931ರಲ್ಲಿ ಕನ್ನಡ ಸಾಹಿತ್ಯ ಪರಿಷತ್ತಿನಿಂದ ಪ್ರಕಟವಾದ 'ಪಂಪಭಾರತ'ದ ಪರಿಷ್ಕರಣದ ನೇತೃತ್ವ ವಹಿಸಿದ್ದರು. 1937ರಲ್ಲಿ ಜಮಖಂಡಿಯಲ್ಲಿ ಸೇರಿದ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾಗಿದ್ದರು. ಆದಿಕವಿಯ ಪಾಠವನ್ನು ಶೋಧಿಸಿದ ಕೈಯೇ ಕನ್ನಡದಲ್ಲಿ ವಿಜ್ಞಾನವನ್ನು ಬರೆಯಿತೆಂಬುದು ಆಕಸ್ಮಿಕವಲ್ಲ. ಹೊಸ ವಿಷಯವನ್ನು ಹೇಳಲು ಬೇಕಾದ ಮಾತುಗಳು ಭಾಷೆಯಲ್ಲಿ ಇವೆಯೇ ಎಂಬ ಪ್ರಶ್ನೆಗೆ ಉತ್ತರವನ್ನು ಅವರು ಹಳೆಯ ಕಾವ್ಯದ ಪರಿಚಯದಿಂದಲೂ ಪಡೆದಿದ್ದರು. ಅವರ ಅನಂತರ ಶಿವರಾಮ ಕಾರಂತರ 'ಬಾಲಪ್ರಪಂಚ' ಮತ್ತು 'ವಿಜ್ಞಾನ ಪ್ರಪಂಚ', ಬಿ.ಜಿ.ಎಲ್. ಸ್ವಾಮಿಯವರ 'ಹಸುರು ಹೊನ್ನು', ಜೆ.ಆರ್. ಲಕ್ಷ್ಮಣರಾವ್ ಹಾಗೂ ಜಿ.ಟಿ. ನಾರಾಯಣರಾವ್ ಅವರ ಬರಹಗಳು ಈ ದಾರಿಯನ್ನು ವಿಸ್ತರಿಸಿದವು. ಸಸ್ಯಶಾಸ್ತ್ರದ ಪ್ರಾಧ್ಯಾಪಕರೊಬ್ಬರು ವಿದ್ಯಾರ್ಥಿಗಳೊಡನೆ ಕಾಡು ಸುತ್ತಿದ ಅನುಭವವನ್ನು ಹೇಳುವ 'ಹಸುರು ಹೊನ್ನು' ಕೃತಿಗೆ 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದಿತು. ಅದರಲ್ಲಿ ನಗೆಯಿದೆ, ಗಿಡಗಳ ಲಕ್ಷಣಗಳೂ ಇವೆ. ನಗೆಗಾಗಿ ಲಕ್ಷಣವನ್ನು ಬಿಟ್ಟುಕೊಟ್ಟಿಲ್ಲ. ಮುತ್ತಿನ ಹಾರದ ಲೆಕ್ಕದಲ್ಲಿ ಕಂಡ ಗುಣವೇ ಇದು.

ಉಪಸಂಹಾರ

ಗಣಿತಸಾರಸಂಗ್ರಹವನ್ನು ಮದ್ರಾಸಿನ ಪ್ರೊ. ಎಂ. ರಂಗಾಚಾರ್ಯರು 1912ರಲ್ಲಿ ಇಂಗ್ಲಿಷ್ ಅನುವಾದದೊಡನೆ ಪ್ರಕಟಿಸಿದಾಗ ಜಗತ್ತಿನ ಗಣಿತ ಚರಿತ್ರಕಾರರು ಅದನ್ನು ಬೆರಗಿನಿಂದ ಕಂಡರು. ಅಮೆರಿಕದ ಡೇವಿಡ್ ಯೂಜಿನ್ ಸ್ಮಿತ್ ಅವರು ಅದಕ್ಕೆ ಪ್ರಸ್ತಾವನೆ ಬರೆದರು. 1963ರಲ್ಲಿ ಸೋಲಾಪುರದಿಂದ ಹಿಂದಿ ಅನುವಾದ ಬಂದಿತು. ಮಾನ್ಯಖೇಟದ ಅರಸನ ಕಾಲದಲ್ಲಿ ಹುಟ್ಟಿದ ಗ್ರಂಥವು ಕನ್ನಡ ಅನುವಾದದೊಂದಿಗೆ ಹೊಂಬುಜದಿಂದ ಪ್ರಕಟವಾಗಲು 2000ನೆಯ ಇಸವಿಯವರೆಗೆ ಕಾಯಬೇಕಾಯಿತು. ಈ ವಿಳಂಬಕ್ಕೆ ಗ್ರಂಥದ ಕಾಠಿನ್ಯವು ಕಾರಣವಲ್ಲ. ಸಾಹಿತ್ಯ ಮತ್ತು ಶಾಸ್ತ್ರಗಳ ನಡುವೆ ನಮ್ಮ ವಿದ್ಯಾಭ್ಯಾಸ ಕ್ರಮವು ಎಬ್ಬಿಸಿದ ಗೋಡೆಯೇ ಕಾರಣ.

ಮಹಾವೀರಾಚಾರ್ಯ, ರಾಜಾದಿತ್ಯರಿಗೆ ಆ ಗೋಡೆ ಇರಲಿಲ್ಲ. ಅವರ ಕೃತಿಗಳಿಂದ ಇಂದಿನ ವಿಜ್ಞಾನ ಲೇಖಕನು ಪಡೆಯಬಹುದಾದ ಪಾಠಗಳು ಮೂರು. ಓದುಗನ ನಿತ್ಯದ ಲೋಕದಿಂದ ಹೊರಡಬೇಕು. ಕಥೆ, ರೂಪಕ, ವಿನೋದಗಳು ವಿಷಯದ ಹೆಜ್ಜೆಗಳನ್ನು ಹೊರುವಂತಿರಬೇಕು. ಸ್ಥೂಲವಾಗಿ ಹೇಳಿದ ಕಡೆ ಸ್ಥೂಲವೆಂದು ತಿಳಿಸಿ ಸೂಕ್ಷ್ಮದ ದಾರಿಯನ್ನು ತೋರಿಸಬೇಕು. ಅವರು ಬಿಟ್ಟುಹೋದ ಉಪಪತ್ತಿಯ ಕೆಲಸವನ್ನು ಆಧುನಿಕರು ಕೈಗೆತ್ತಿಕೊಂಡಿದ್ದಾರೆ. ಸಾಹಿತ್ಯದ ವಿದ್ಯಾರ್ಥಿಗಳು ವ್ಯವಹಾರಗಣಿತ, ಗೋವೈದ್ಯ, ಖಗೇಂದ್ರಮಣಿದರ್ಪಣಗಳನ್ನು ಪಟ್ಟಿಯಿಂದ ಹೊರತೆಗೆದು ಭಾಷೆ, ಪರಿಭಾಷೆ, ನಿರೂಪಣಾಕ್ರಮಗಳ ದೃಷ್ಟಿಯಿಂದ ಅಧ್ಯಯನ ಮಾಡಿದರೆ ಕನ್ನಡ ಗದ್ಯಪದ್ಯಗಳ ಚರಿತ್ರೆಯ ಒಂದು ದೊಡ್ಡ ಭಾಗ ಬೆಳಕಿಗೆ ಬರುತ್ತದೆ. ವಿಜ್ಞಾನವನ್ನು ಕನ್ನಡದಲ್ಲಿ ಬರೆಯುವವರಿಗೂ ಎರವಲು ಪದಗಳ ಜೊತೆಗೆ ಸಾವಿರ ವರ್ಷ ಬಳಸಿ ಸವೆದ ಮಾತುಗಳ ಭಂಡಾರವೊಂದು ದೊರೆಯುತ್ತದೆ.